ಒಂದು ಪದದ ಬೆನ್ನು ಹತ್ತುವುದು: ಕನ್ನಡ ಪದಮೂಲ ಹುಡುಕುವವರಿಗೆ

ಹಕ್ಕಿ, ಹಕ್ಕು. ಕಿವಿಗೆ ಒಡಹುಟ್ಟಿದವುಗಳಂತೆ ಕೇಳುವ ಈ ಎರಡು ಪದಗಳಿಗೆ ಯಾವ ನಂಟೂ ಇಲ್ಲ. ಹಕ್ಕಿ ಸಂಸ್ಕೃತದ ‘ಪಕ್ಷಿ’ಯಿಂದ ‘ಪಕ್ಕಿ’ಯಾಗಿ, ಆಮೇಲೆ ‘ಹಕ್ಕಿ’ಯಾದದ್ದು. ಹಕ್ಕು ಅರಬ್ಬಿಯ ‘ಹಕ್’, ಫಾರಸಿ ಮತ್ತು ಹಿಂದೂಸ್ತಾನಿಯ ದಾರಿಯಲ್ಲಿ ಕಚೇರಿಗೆ ಬಂದು ನಮ್ಮದಾಯಿತು. ಅದು ಎಂದೂ ‘ಪಕ್ಕು’ ಆಗಿರಲಿಲ್ಲ. ಹೊರಗೆ ಒಂದೇ ಥರ ಕಾಣುವ ಹಕಾರ ಒಂದರಲ್ಲಿ ಪಕಾರದ ಮಗು, ಇನ್ನೊಂದರಲ್ಲಿ ಹುಟ್ಟಿನಿಂದಲೇ ಹಕಾರ.

ಪದಮೂಲದ ಬಗ್ಗೆ ಹರಿದಾಡುವ ಹೆಚ್ಚಿನ ತಪ್ಪುಗಳು ಇಲ್ಲೇ ಹುಟ್ಟುತ್ತವೆ. ಎರಡು ಪದ ಹೋಲುತ್ತವೆ, ಅರ್ಥವೂ ಹತ್ತಿರ, ಅಂದಮೇಲೆ ಇದರಿಂದ ಅದು ಬಂತು ಎಂದು ತೀರ್ಮಾನಿಸುವುದು. ಹೋಲಿಕೆ ಸಾಕ್ಷಿಯಲ್ಲ. ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು: ಈ ಪದ ಬರಹದಲ್ಲಿ ಮೊದಲು ಸಿಗುವುದು ಯಾವಾಗ? ಅದರ ಧ್ವನಿಗಳು, ಕನ್ನಡದಲ್ಲಿ ಆದ ಬದಲಾವಣೆಗಳ ಸಾಲಿಗೆ ಕೂರುತ್ತವೆಯೇ? ಅರ್ಥ ಮೂರನೆಯದು. ಈ ಸರದಿ ತಪ್ಪಿಸಿದರೆ ಎಷ್ಟು ಓದಿದವರೂ ಜಾರುತ್ತಾರೆ.

ಕೈಯಲ್ಲಿ ಏನೇನು ಇರಬೇಕು

ಮೂರು ನಿಘಂಟುಗಳು ಸಾಕು, ಆದರೆ ಮೂರೂ ಬೇಕು.

ಒಂದು, ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ್ದು. ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ಪದದ ಕೆಳಗೆ ತಮಿಳು, ತೆಲುಗು, ಮಲಯಾಳ, ತುಳುವಿನ ಸಮಾನ ರೂಪಗಳು, ತದ್ಭವವಾದರೆ ಅದರ ಗುರುತು, ಮರಾಠಿ ಅಥವಾ ಹಿಂದೂಸ್ತಾನಿಯಿಂದ ಬಂದಿದ್ದರೆ ಅದರ ಗುರುತು ಸಂಕ್ಷೇಪಗಳಲ್ಲಿ ಇರುತ್ತವೆ. ಸಂಕ್ಷೇಪಗಳ ಪಟ್ಟಿಯ ಪುಟವನ್ನು ಮೊದಲು ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಅದಿಲ್ಲದೆ ಕಿಟೆಲ್ ಅರ್ಧ ಮಾತ್ರ ಓದಿದಂತೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದ ಕಡೆ ಅವರಿಗೇ ಅನುಮಾನವಿತ್ತು ಎಂದು ತಿಳಿಯಿರಿ. ಆ ಚಿಹ್ನೆಯನ್ನು ಬಿಟ್ಟು ಉಲ್ಲೇಖಿಸುವುದು ದೊಡ್ಡ ಅನ್ಯಾಯ.

ಎರಡು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದದ್ದು. ಇದರ ಬಲವಿರುವುದು ಪ್ರಯೋಗಗಳಲ್ಲಿ: ಪದ ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ, ಯಾವ ವಚನದಲ್ಲಿ ಬಂದಿದೆ ಎಂದು ಸಾಲು ಸಮೇತ ಕೊಡುತ್ತದೆ. ಕಾಲದ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಒಂದೇ ಸಂಪುಟದ ಸಂಕ್ಷಿಪ್ತ ನಿಘಂಟುಗಳಲ್ಲಿ ಈ ಪ್ರಯೋಗಗಳು ಇರುವುದಿಲ್ಲ. ಮೂಲ ಹುಡುಕಲು ಅವು ಸಾಲವು.

ಮೂರು, ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು. ಮೊದಲ ಮುದ್ರಣ 1961, ಎರಡನೆಯದು 1984. ಶಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ತಾಣದಲ್ಲಿ ಇಡೀ ಪುಸ್ತಕ ಹುಡುಕಬಹುದು. ಅಲ್ಲೇ ಟರ್ನರ್ ಅವರ ಇಂಡೋ-ಆರ್ಯನ್ ತೌಲನಿಕ ನಿಘಂಟೂ ಇದೆ. ಪ್ರಾಕೃತ, ಮರಾಠಿ, ಹಿಂದಿ ಕಡೆಯ ಅನುಮಾನ ಬಂದಾಗ ಅದು ಬೇಕಾಗುತ್ತದೆ.

ಪದವನ್ನು ಬಿಡಿಸಿ, ತುದಿಯ ಉಕಾರ ಕಳಚಿ

ಹುಡುಕುವ ಮುನ್ನ ಪದ ಒಂದೇ ತುಂಡೋ, ಹಲವೋ ನೋಡಿ. ‘ಹೆದ್ದಾರಿ’ಯನ್ನು ಹಾಗೇ ಹುಡುಕಿದರೆ ದಾರಿ ಸಿಗದು. ಹೆಬ್ಬಾಗಿಲು, ಹೆಬ್ಬೆರಳು, ಹೆಮ್ಮರ, ಹೆಜ್ಜೇನು ಇವುಗಳ ಪಕ್ಕ ಇಟ್ಟಾಗ ಮೊದಲ ತುಂಡು ತಾನೇ ಬೇರೆಯಾಗುತ್ತದೆ: ‘ಪೆರ್’, ಅಂದರೆ ದೊಡ್ಡ. ಪೆರ್+ದಾರಿ, ಪೆರ್+ಬಾಗಿಲ್, ಪೆರ್+ಮರ. ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ಅದನ್ನು ಇಮ್ಮಡಿಸಿದೆ, ಪಕಾರ ಹಕಾರವಾಗಿದೆ. ಇಷ್ಟು ಗೊತ್ತಾದ ಮೇಲೆ, ಶಾಸನಗಳಲ್ಲಿ ಸಿಗುವ ‘ಪೆರ್ಗಡೆ’ ಎಂಬ ಅಧಿಕಾರಿ ‘ಹೆಗ್ಗಡೆ’ಯಾಗಿ ಈಗ ಹೆಗಡೆ, ಹೆಗ್ಡೆ ಎಂಬ ಅಡ್ಡಹೆಸರಾಗಿರುವುದೂ ಅರ್ಥವಾಗುತ್ತದೆ. ಒಂದೇ ಪದವನ್ನು ಹಿಡಿದು ಕೂರದೆ ಅದರ ಸಾಲಿನ ನಾಲ್ಕೈದು ಪದಗಳನ್ನು ಸೇರಿಸಿಕೊಂಡರೆ ಕೆಲಸ ಸಲೀಸು.

ಆಮೇಲೆ ತುದಿ. ಹಳಗನ್ನಡದ ಎಷ್ಟೋ ಪದಗಳು ವ್ಯಂಜನದಲ್ಲೇ ನಿಲ್ಲುತ್ತವೆ: ಕಲ್, ಕಾಲ್, ಪಾಲ್, ಮುಳ್. ನಾವು ಉಕಾರ ಸೇರಿಸುತ್ತೇವೆ. ಮೊದಲ ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿಸಿ ಕಲ್ಲು, ಮುಳ್ಳು. ದೀರ್ಘವಾದರೆ ಹಾಗೇ ಕಾಲು, ಹಾಲು. ಈ ನಿಯಮ ಇವತ್ತಿಗೂ ಜೀವಂತವಾಗಿದೆ, ನೋಡಿ: ಇಂಗ್ಲಿಷಿನ ಬಸ್ ‘ಬಸ್ಸು’ ಆಯಿತು, ಕಾರ್ ‘ಕಾರು’ ಆಯಿತು. ಯಾರೂ ಹೇಳಿಕೊಟ್ಟಿಲ್ಲ. ಹಳೆಯ ಪಠ್ಯದಲ್ಲಿ ಹುಡುಕುವಾಗ ಈ ಉಕಾರವನ್ನೂ ಇಮ್ಮಡಿಯನ್ನೂ ಕಳಚಿ ಹುಡುಕಿ.

ಧ್ವನಿಯ ಜಾಡು

ನಿಜವಾದ ಕೆಲಸ ಇಲ್ಲಿದೆ. ಐದಾರು ಬದಲಾವಣೆಗಳು ಬಾಯಿಪಾಠವಾದರೆ ಅರ್ಧ ನಿಘಂಟು ತಲೆಯಲ್ಲಿದ್ದಂತೆ.

ಪಕಾರ ಹಕಾರವಾದದ್ದು ಎಲ್ಲರಿಗೂ ಗೊತ್ತಿರುವಂಥದ್ದು: ಪಾಲ್–ಹಾಲು, ಪುಲಿ–ಹುಲಿ, ಪೂ–ಹೂ. ತುಳುವಿನಲ್ಲಿ ಹುಲಿ ಈಗಲೂ ‘ಪಿಲಿ’, ಹೂವು ‘ಪೂ’. ಸುಮಾರು 450ರದೆಂದು ಹೆಚ್ಚಿನವರು ಹೇಳುವ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ಪಕಾರದಿಂದ ಶುರುವಾಗುತ್ತದೆ. ಈ ಬದಲಾವಣೆಯನ್ನು ಕಾಲ ಅಳೆಯುವ ಕೋಲಿನಂತೆ ಬಳಸಬಹುದು. ಅದಕ್ಕಿಂತ ಮುಂಚೆ ಕನ್ನಡದ ಒಳಗೆ ಬಂದು ಬೇರೂರಿದ ಸಂಸ್ಕೃತ, ಪ್ರಾಕೃತ ಪದಗಳೂ ಬದಲಾದವು: ಪರ್ವ ‘ಪಬ್ಬ’ವಾಗಿ ‘ಹಬ್ಬ’, ಪುಸ್ತಕ ‘ಪೊತ್ತಗೆ’ಯಾಗಿ ‘ಹೊತ್ತಗೆ’. ಆದರೆ ಪುಸ್ತಕ, ಪಾಠ, ಪರ್ವ ಎಂಬ ರೂಪಗಳು ಓದುಬಲ್ಲವರ ಮೂಲಕ ಮತ್ತೆ ಮತ್ತೆ ಬಂದವು, ಅವು ಪಕಾರ ಉಳಿಸಿಕೊಂಡಿವೆ. ಹಾಗಾಗಿ ಒಂದೇ ಮೂಲದ ಎರಡು ರೂಪ ಕಂಡರೆ, ಪಕಾರದ್ದು ಹಳೆಯದು ಎಂದು ಅವಸರಪಡಬೇಡಿ. ಪುಸ್ತಕ ಮತ್ತು ಹೊತ್ತಗೆಯಲ್ಲಿ ಕನ್ನಡದ ಬಾಯಲ್ಲಿ ಹೆಚ್ಚು ಕಾಲ ಸವೆದದ್ದು ಹೊತ್ತಗೆಯೇ. ಇಮ್ಮಡಿ ಪಕಾರ ಮಾತ್ರ ಬದಲಾಗಲಿಲ್ಲ: ಅಪ್ಪ, ತಪ್ಪು, ಉಪ್ಪು.

ಪದದ ಮೊದಲಿನ ವಕಾರ ಬಕಾರವಾಯಿತು. ತಮಿಳಿನ ‘ವಿಲ್’ ನಮ್ಮ ಬಿಲ್ಲು, ‘ವೆಳ್ಳಿ’ ಬೆಳ್ಳಿ, ‘ವಾ’ ಬಾ. ಸಂಸ್ಕೃತದಿಂದ ಬಂದವಕ್ಕೂ ಅದೇ: ವರ್ಣ–ಬಣ್ಣ, ವನ–ಬನ, ವಸತಿ–ಬಸದಿ, ವೀಥಿ–ಬೀದಿ.

ಎಕಾರಕ್ಕೆ ಮೊದಲು, ಇಕಾರಕ್ಕೆ ಮೊದಲು ಬರುವ ಕಕಾರವನ್ನು ಕನ್ನಡ ಉಳಿಸಿಕೊಂಡಿತು, ತಮಿಳು ಅದನ್ನು ಚಕಾರ ಮಾಡಿತು. ನಮ್ಮ ಕಿವಿ ಅವರಲ್ಲಿ ‘ಚೆವಿ’, ನಮ್ಮ ಕೇರಿ ‘ಚೇರಿ’. ಇನ್ನೊಂದು ಕಡೆ ಮೊದಲ ಸ್ವರ ಕನ್ನಡದಲ್ಲಿ ಕದಲಿದೆ: ತಮಿಳಿನ ‘ಇಲೈ’ ಎಲೆ, ‘ವಿರಲ್’ ಬೆರಳು, ‘ಪುಗೈ’ ಹೊಗೆ. ತುದಿಯ ಐಕಾರ ನಮ್ಮಲ್ಲಿ ಎಕಾರ.

ಇನ್ನು ಕಳೆದುಹೋದ ಎರಡು ಅಕ್ಷರಗಳು, ೞ ಮತ್ತು ಱ. ಇವನ್ನು ಕಡೆಗಣಿಸಿದರೆ ಬೇರೆ ಬೇರೆ ಪದಗಳು ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ‘ಮನೆಗೆ ಕರೆ’ ಎನ್ನುತ್ತೇವೆ, ‘ಹಸು ಕರೆ’ ಎನ್ನುತ್ತೇವೆ. ಹಾಲು ಕರೆಯುವುದಕ್ಕೂ ಹಸುವನ್ನು ಹೆಸರು ಹಿಡಿದು ಕರೆಯುವುದಕ್ಕೂ ಏನೋ ನಂಟಿದೆ ಎಂದು ಸೊಗಸಾದ ವಿವರಣೆ ಕಟ್ಟಬಹುದು. ಕಟ್ಟಬಾರದು. ಕೂಗುವುದು ‘ಕರೆ’, ಹಾಲು ಹಿಂಡುವುದು ‘ಕಱೆ’. ಹಳಗನ್ನಡದಲ್ಲಿ ಎರಡೂ ಬೇರೆ, ತಮಿಳಿನಲ್ಲೂ ಎರಡೂ ಬೇರೆ. ಱ ರಕಾರದಲ್ಲಿ ಸೇರಿಹೋದದ್ದರಿಂದ ನಮಗೆ ಒಂದೇ ಆಗಿ ಕೇಳುತ್ತಿದೆ, ಅಷ್ಟೆ.

ೞ ಇನ್ನೂ ಹೆಚ್ಚು ಚೆದುರಿದೆ. ಸ್ವರಕ್ಕೆ ಮೊದಲು ಬಂದಾಗ ಅದು ಳಕಾರವಾಯಿತು: ಮೞೆ–ಮಳೆ, ಬಾೞೆ–ಬಾಳೆ, ಏೞು–ಏಳು. ವ್ಯಂಜನಕ್ಕೆ ಮೊದಲು ಬಂದಾಗ ಅದು ಮಾಯವಾಗಿ ಆ ವ್ಯಂಜನ ಇಮ್ಮಡಿಸಿತು: ಕೞ್ತೆ–ಕತ್ತೆ, ಗೞ್ದೆ–ಗದ್ದೆ. ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯ ಲೆಕ್ಕದಲ್ಲಿ ‘ಗೞ್ದೆ’ ಕಂಡಾಗ ಅದು ನಮ್ಮ ಗದ್ದೆಯೇ. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಈ ಅಕ್ಷರವನ್ನು ‘ರಳ’ ಎಂದು ಕರೆದು, ಯಾವ ಯಾವ ಪದಗಳಲ್ಲಿ ಅದು ಬರಬೇಕೆಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಬಾಯಿಂದ ಆ ಧ್ವನಿ ಜಾರಿಹೋಗಿರದಿದ್ದರೆ ಪಟ್ಟಿ ಬೇಕಾಗುತ್ತಿರಲಿಲ್ಲ. ಆ ಪಟ್ಟಿ ನಮ್ಮ ಪಾಲಿಗೆ ನಿಧಿ.

ಹೊರಗಿನದೇ ಎಂದು ಬೇಗ ಗುರುತಿಸುವ ಬಗೆ

ಮಹಾಪ್ರಾಣ, ಶಕಾರ, ಷಕಾರ, ಋಕಾರ, ಪದದ ಮೊದಲಲ್ಲೇ ಒತ್ತಕ್ಷರ: ಇವು ಕಂಡರೆ ಪದ ಎರವಲು ಎಂದು ಹಿಡಿದು ಹೊರಡಿ. ಮೊದಲಲ್ಲೇ ರಕಾರ, ಲಕಾರ ಇದ್ದರೂ ಅನುಮಾನಪಡಬೇಕು, ಆದರೆ ತೀರ್ಪು ಕೊಡಬಾರದು. ‘ರೆಕ್ಕೆ’ ಎರವಲಿನಂತೆ ಕಾಣುತ್ತದೆ. ಅದರ ಹಳೆಯ ರೂಪ ‘ಎಱಕೆ’. ಮೊದಲ ಸ್ವರ ಉದುರಿ ರಕಾರ ಮುಂದೆ ಬಂದಿದೆ, ಪದ ಅಪ್ಪಟ ನಮ್ಮದು.

ಎರವಲೆಂದು ಗೊತ್ತಾದ ಮೇಲೆ ಯಾವ ದಾರಿಯಿಂದ ಬಂತು ಎನ್ನುವುದು ಬೇರೆಯೇ ಪ್ರಶ್ನೆ. ಸಾಬೂನು ಪೋರ್ಚುಗೀಸ್ ಪದ ಎಂದು ಅನೇಕ ಪಟ್ಟಿಗಳು ಹೇಳುತ್ತವೆ. ಪೋರ್ಚುಗೀಸಿನಲ್ಲಿ ಅದು ‘ಸಬಾಂವ್’ ಥರದ ಮೂಗುಸ್ವರದಲ್ಲಿ ಮುಗಿಯುತ್ತದೆ. ಅರಬ್ಬಿ, ಫಾರಸಿಯಲ್ಲಿ ‘ಸಾಬೂನ್’. ನಮ್ಮ ಊಕಾರ, ನಕಾರ ಎರಡೂ ಎರಡನೆಯದಕ್ಕೆ ಒಗ್ಗುತ್ತವೆ. ‘ಮೇಜು’ವಿನಲ್ಲೂ ಪೋರ್ಚುಗೀಸಿನ ‘ಮೆಝಾ’, ಫಾರಸಿಯ ‘ಮೇಜ್’ ಎರಡೂ ಬಾಗಿಲಲ್ಲಿ ನಿಂತಿವೆ. ಆದರೆ ಅಲಮಾರು, ಪಾದ್ರಿ, ಚಾವಿ, ಅನಾನಸುಗಳ ಹಿಂದೆ ಪೋರ್ಚುಗೀಸರು ಇದ್ದಾರೆಂಬುದರಲ್ಲಿ ತಕರಾರಿಲ್ಲ.

ದಾರಿ ಗೊತ್ತಾಗಲು ಅರ್ಥ ಸಹಾಯಕ್ಕೆ ಬರುವುದೂ ಉಂಟು. ‘ರಾಜೀನಾಮೆ’ ಫಾರಸಿಯಲ್ಲಿ ಒಪ್ಪಿಗೆಯ ಪತ್ರ. ಉರ್ದುವಿನಲ್ಲಿ ಇವತ್ತಿಗೂ ರಾಜಿಯಾದದ್ದಕ್ಕೆ ಬರೆಯುವ ಪತ್ರ. ನಮ್ಮಲ್ಲಿ ‘ರಾಜಿ’ ಅದೇ ಅರ್ಥ ಉಳಿಸಿಕೊಂಡರೂ ‘ರಾಜೀನಾಮೆ’ ಕೆಲಸ ಬಿಡುವ ಪತ್ರ. ಮರಾಠಿಯಲ್ಲೂ ಹಾಗೇ. ಮುಂಬಯಿ ಪ್ರಾಂತದ ಕಂದಾಯ ವ್ಯವಸ್ಥೆಯಲ್ಲಿ ರೈತ ಜಮೀನು ಬಿಟ್ಟುಕೊಡುವಾಗ ಬರೆಯುತ್ತಿದ್ದ ಪತ್ರಕ್ಕೂ ಇದೇ ಹೆಸರು. ಒಪ್ಪಿಗೆಯಿಂದ ಬಿಟ್ಟುಕೊಡುವುದಕ್ಕೆ, ಅಲ್ಲಿಂದ ಹುದ್ದೆ ಬಿಡುವುದಕ್ಕೆ ಅರ್ಥ ಸರಿದದ್ದು ಹೀಗೆ ತಿಳಿಯಾಗುತ್ತದೆ. ಅರ್ಥ ಮರಾಠಿಯ ಜೊತೆ ಹೊಂದಿ ಉರ್ದುವಿನ ಜೊತೆ ಹೊಂದದಿದ್ದರೆ, ಪದ ಮರಾಠಿ ಕಚೇರಿಯ ಗಾಳಿ ಸೋಕಿಸಿಕೊಂಡು ಬಂದಿದೆ ಎನ್ನಲು ಆಧಾರ ಸಿಕ್ಕಂತೆ.

ಕಾಲದ ಪರೀಕ್ಷೆ

ಪದದ ಅತಿ ಹಳೆಯ ಪ್ರಯೋಗವನ್ನು ಪರಿಷತ್ತಿನ ನಿಘಂಟಿನಿಂದ ಬರೆದುಕೊಳ್ಳಿ. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳನ್ನು ನೋಡಿ. ವಚನಗಳಿಗೆ ‘ವಚನ ಸಂಚಯ’ ತಾಣದಲ್ಲಿ ಪದ ಹಾಕಿದರೆ ಅದು ಬಂದ ವಚನಗಳೆಲ್ಲ ಸಾಲಾಗಿ ಬರುತ್ತವೆ; 12ನೆಯ ಶತಮಾನದ ಆಡುನುಡಿಗೆ ಅಷ್ಟು ಹತ್ತಿರದ ಕಿಟಕಿ ಬೇರೆಯಿಲ್ಲ. ಆದರೆ ವಚನಗಳು ತಲೆಮಾರುಗಳ ಕಾಲ ನಕಲಾಗುತ್ತ ಬಂದವು, ಅಕ್ಷರಗಳು ಮಧ್ಯದಲ್ಲಿ ಹೊಸದಾಗಿರಬಹುದು. ಕಲ್ಲಿನ ಮೇಲಿನ ಅಕ್ಷರ ಕೆತ್ತಿದ ದಿನದ್ದೇ. ಎರಡೂ ಜಗಳವಾಡಿದರೆ ಕಲ್ಲಿನ ಮಾತು ನಂಬಿ.

ಬೆಂಗಳೂರಿನ ಹೆಸರು ಇದಕ್ಕೆ ಒಳ್ಳೆಯ ಪಾಠ. ಹೊಯ್ಸಳ ದೊರೆ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿ, ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟು, ಊರು ‘ಬೆಂದಕಾಳೂರು’ ಆಯಿತು ಎಂಬ ಕಥೆ ಶಾಲೆಯಿಂದಲೇ ನಮ್ಮ ಜೊತೆ ಬಂದಿದೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220. ಬೇಗೂರಿನ ನಾಗೇಶ್ವರ ದೇವಾಲಯದ ಹತ್ತಿರದ ವೀರಗಲ್ಲು ಸುಮಾರು 890ರದು, ಅದರಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ. ಊರಿನ ಹೆಸರು ದೊರೆಗಿಂತ ಮುನ್ನೂರು ವರ್ಷ ಹಿರಿದು. ಕಥೆ ಎಷ್ಟೇ ಚೆಂದವಿರಲಿ, ತಾರೀಕು ಎದುರು ನಿಂತರೆ ಅದು ಬೀಳುತ್ತದೆ. ಇದರಿಂದ ನಿಜವಾದ ಮೂಲ ಯಾವುದೆಂದು ಸಾಬೀತಾಗುವುದಿಲ್ಲ, ಒಂದು ತಪ್ಪು ಮಾತ್ರ ಹೊರಹೋಗುತ್ತದೆ. ಅದೂ ದೊಡ್ಡ ಕೆಲಸವೇ.

ವಸ್ತುವಿನ ಚರಿತ್ರೆಯನ್ನೂ ಕೇಳಿ. ಹಳಗನ್ನಡ ಕಾವ್ಯದಲ್ಲಿ ‘ಮೆಣಸು’ ಕಂಡರೆ ಖಾರದ ಕೆಂಪು ಕಾಯಿಯನ್ನು ಕಣ್ಮುಂದೆ ತಂದುಕೊಳ್ಳಬೇಡಿ. ಆ ಕಾಯಿ ಅಮೆರಿಕ ಖಂಡದ್ದು, ವಾಸ್ಕೊ ಡ ಗಾಮ 1498ರಲ್ಲಿ ಕಡಲ ದಾರಿ ಹಿಡಿದು ಬಂದ ನಂತರವೇ ನಮ್ಮ ನೆಲ ಕಂಡದ್ದು. ಅಲ್ಲಿಯವರೆಗೆ ಮೆಣಸೆಂದರೆ ಮಲೆನಾಡಿನ ಬಳ್ಳಿಯ ಕಾಳು. ಹೊಸ ಕಾಯಿ ಬಂದು ಹಳೆಯ ಹೆಸರನ್ನು ಕಿತ್ತುಕೊಂಡಾಗ ಹಳೆಯದಕ್ಕೆ ಗುರುತು ಬೇಕಾಯಿತು: ಕೆಲವು ಕಡೆ ‘ಕರಿಮೆಣಸು’, ಕರಾವಳಿಯಲ್ಲಿ ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆಮುಂಚಿ’, ಅದೂ ಒಳ್ಳೆಯ ಮೆಣಸೇ. ಆ ‘ಒಳ್ಳೆ’ಯಲ್ಲಿ ಜನ ಯಾವುದನ್ನು ತಮ್ಮದೆಂದು ಎಣಿಸಿದರು ಎನ್ನುವುದು ಉಳಿದುಕೊಂಡಿದೆ.

ಸೋದರ ಭಾಷೆಗಳನ್ನು ಓದುವಾಗ ಆಗುವ ಎಡವಟ್ಟು

ದ್ರಾವಿಡ ನಿಘಂಟಿನ ಪ್ರತಿ ಕಂತೆಯಲ್ಲಿ ತಮಿಳು ಮೊದಲು, ಆಮೇಲೆ ಮಲಯಾಳ, ಮುಂದೆ ಕೋತ, ತೋಡ, ಕನ್ನಡ, ಕೊಡವ, ತುಳು, ತೆಲುಗು, ಹೀಗೆ ಉತ್ತರಕ್ಕೆ ಸಾಗುತ್ತದೆ. ಇದು ಜೋಡಿಸಿದ ಕ್ರಮ ಮಾತ್ರ. ಮೊದಲು ಬರೆದದ್ದರಿಂದ ಉಳಿದವು ಹುಟ್ಟಿವೆ ಎಂದು ಓದಿಕೊಂಡು ‘ಇದು ತಮಿಳಿನಿಂದ ಬಂತು’ ಎಂದು ಬರೆಯುವವರು ಬಹಳ. ಇವು ಒಡಹುಟ್ಟಿದವು, ತಾಯಿಮಕ್ಕಳಲ್ಲ. ಕಿವಿ–ಚೆವಿಯಲ್ಲಿ ಹಳೆಯ ಕಕಾರ ಉಳಿಸಿಕೊಂಡದ್ದು ಕನ್ನಡ, ಪಾಲ್–ಹಾಲುವಿನಲ್ಲಿ ಹಳೆಯ ಪಕಾರ ಉಳಿಸಿಕೊಂಡದ್ದು ತಮಿಳು. ಹಕಾರದ ಕನ್ನಡ ಪದಗಳನ್ನು ಈ ಪುಸ್ತಕದಲ್ಲಿ ಪಕಾರದ ಕಡೆ ಹುಡುಕಬೇಕು ಎಂಬುದನ್ನೂ ನೆನಪಿಡಿ. ಸಿಗದಿದ್ದರೆ ಪುಸ್ತಕದ ಕೊನೆಯಲ್ಲಿರುವ ಕನ್ನಡ ಸೂಚಿಗೆ ಹೋಗಿ.

ಎಲ್ಲವನ್ನೂ ಸಂಸ್ಕೃತಕ್ಕೆ ಕಟ್ಟುವುದು ಇದರ ಇನ್ನೊಂದು ಮುಖ. ಸಂಸ್ಕೃತದಲ್ಲಿ ‘ಮೀನ’ ಇದೆ, ಆದ್ದರಿಂದ ನಮ್ಮ ‘ಮೀನು’ ಅಲ್ಲಿಂದ ಬಂತು ಎನ್ನುತ್ತಾರೆ. ಪರೀಕ್ಷೆ ಹೀಗೆ: ಸಂಸ್ಕೃತದ ‘ಮತ್ಸ್ಯ’ಕ್ಕೆ ಇರಾನಿನ ಅವೆಸ್ತಾ ಭಾಷೆಯಲ್ಲಿ ಬಂಧು ಇದೆ, ‘ಮೀನ’ಕ್ಕೆ ಭಾರತದ ಹೊರಗೆ ಸಂಸ್ಕೃತದ ಸೋದರ ಭಾಷೆಗಳಲ್ಲಿ ಬಂಧು ಇಲ್ಲ. ದ್ರಾವಿಡದಲ್ಲಿ ಅದು ಬಗೆಬಗೆಯ ಭಾಷೆಗಳಲ್ಲಿ ಹರಡಿದೆ. ಬಂಧುಬಳಗ ಎಲ್ಲಿ ದಟ್ಟವೋ ಮನೆ ಅಲ್ಲಿ. ಇಲ್ಲಿ ಸಾಲ ಕೊಟ್ಟವರು ನಾವು.

ದೂರದ ಭಾಷೆಯ ಹೋಲಿಕೆಗೆ ಇನ್ನೂ ಹೆಚ್ಚು ಎಚ್ಚರ ಬೇಕು. ತಮಿಳಿನ ‘ಎಟ್ಟು’, ಇಂಗ್ಲಿಷಿನ ‘ಏಟ್’ ಎರಡಕ್ಕೂ ಎಂಟು ಎಂದರ್ಥ. ಬೆರಗಾಗುವಂಥದ್ದೇ. ಆದರೆ ಇಂಗ್ಲಿಷ್ ಪದದ ಬಳಗ ಜರ್ಮನ್ನಿನ ‘ಆಖ್ಟ್’, ಲ್ಯಾಟಿನ್ನಿನ ‘ಆಕ್ಟೊ’, ಸಂಸ್ಕೃತದ ‘ಅಷ್ಟ’. ಹಿಂದೆ ಹೋದಷ್ಟೂ ಅಲ್ಲಿ ಕಕಾರ ಗಟ್ಟಿಯಾಗುತ್ತದೆ, ತಮಿಳಿನಿಂದ ದೂರವಾಗುತ್ತದೆ. ನಿಜವಾದ ನಂಟಿದ್ದರೆ ಹಿಂದೆ ಹೋದಂತೆ ಹತ್ತಿರವಾಗಬೇಕು.

ಕಂಪ್ಯೂಟರಿನಲ್ಲಿ ಹುಡುಕುವಾಗ

ಪದ ಇದ್ದರೂ ಸಿಗದಿರುವುದಕ್ಕೆ ಮೂರು ಕಾರಣಗಳು ಸಾಮಾನ್ಯ. ಹಳೆಯ ಪಠ್ಯ ಟೈಪ್ ಮಾಡಿದವರು ೞ, ಱ ಇರುವಲ್ಲಿ ಳ, ರ ಹಾಕಿರುತ್ತಾರೆ. ಎರಡೂ ರೂಪ ಹಾಕಿ ನೋಡಿ. ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಬಂದಿರುತ್ತದೆ, ‘ಧರ್ಮ’ ಹೋಗಿ ‘ಧಮ೯’ ಆಗಿರುತ್ತದೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಅನುಸ್ವಾರದ ಬದಲು ಅನುನಾಸಿಕ ಬರೆದಿರುತ್ತಾರೆ, ‘ಅಂತು’ ಬದಲು ‘ಅನ್ತು’. ಸ್ಕ್ಯಾನ್ ಪುಸ್ತಕದಲ್ಲಿ ಹುಡುಕು ಗುಂಡಿ ಒತ್ತಿ ಏನೂ ಬರಲಿಲ್ಲವೆಂದು ‘ಈ ಪದ ಅಲ್ಲಿಲ್ಲ’ ಎಂದು ಬರೆಯಬೇಡಿ. ಪುಟ ತಿರುವಿ, ಅಕಾರಾದಿಯಲ್ಲಿ ಕಣ್ಣಾರೆ ನೋಡಿ.

ಬರೆದಿಡುವ ಕ್ರಮ

ಪ್ರತಿ ಪದಕ್ಕೆ ಒಂದು ಚೀಟಿ. ಮೇಲೆ ಇವತ್ತಿನ ರೂಪ, ಅದನ್ನು ಕೇಳಿದ ಊರು, ಕೇಳಿದ ವಾಕ್ಯ ಇಡಿಯಾಗಿ. ಕೆಳಗೆ ಅತಿ ಹಳೆಯ ಪ್ರಯೋಗ, ಕೃತಿ, ಕಾಲ. ಅದರ ಕೆಳಗೆ ಸೋದರ ಭಾಷೆಗಳ ರೂಪಗಳು, ಯಾವ ಧ್ವನಿ ಯಾವುದಕ್ಕೆ ಹೊಂದುತ್ತದೆ ಎಂಬ ಟಿಪ್ಪಣಿ, ಅದೇ ಹೊಂದಿಕೆ ತೋರುವ ಇನ್ನೆರಡು ಪದಗಳು. ಆ ಇನ್ನೆರಡು ಪದಗಳು ಸಿಗದಿದ್ದರೆ ನಿಯಮವೇ ಇಲ್ಲ, ಒಂದು ಹೋಲಿಕೆ ಮಾತ್ರ ಇದೆ. ಕೊನೆಯ ಸಾಲಿನಲ್ಲಿ ಮೂರರಲ್ಲಿ ಒಂದು ಮಾತು ಬರೆಯಿರಿ: ಖಚಿತ, ಸಂಭವ, ತಿಳಿಯದು.

ವಾಕ್ಯವನ್ನು ಇಡಿಯಾಗಿ ಬರೆಯಿರಿ ಎಂದದ್ದು ಸುಮ್ಮನಲ್ಲ. ಚಾಮರಾಜನಗರದ ಕಡೆಯ ಪದ ಧಾರವಾಡದಲ್ಲಿ ಬೇರೆ ಅರ್ಥದಲ್ಲಿರುತ್ತದೆ, ಕುಂದಾಪುರದಲ್ಲಿ ಮೂರನೆಯ ರೂಪ ಸಿಗುತ್ತದೆ, ಇವುಗಳಲ್ಲಿ ಒಂದು ನಿಘಂಟುಗಳಿಗೆ ಇನ್ನೂ ಸೇರಿರುವುದಿಲ್ಲ. ‘ತಿಳಿಯದು’ ಎಂದು ಬರೆದ ಚೀಟಿಯನ್ನು ಎಸೆಯಬೇಡಿ, ಬೇರೆ ಕಟ್ಟಿನಲ್ಲಿಡಿ. ಇನ್ನೊಂದು ಊರಿನಲ್ಲಿ ಅದೇ ಪದವನ್ನು ಒಂದು ಅಕ್ಷರದ ವ್ಯತ್ಯಾಸದಲ್ಲಿ ಕೇಳಿದ ದಿನ ಆ ಕಟ್ಟನ್ನೇ ಮೊದಲು ಬಿಚ್ಚಬೇಕಾಗುತ್ತದೆ.